ಗಟರ್‌ಗೆ ಕನ್ನಡದಲ್ಲಿ ಏನಂತೀರಿ? ಮಾತಿಲ್ಲದ ಚಿತ್ರಪುಸ್ತಕ ಓದಲು ಪದಗಳು ಬೇಕಾಗಿವೆ

ತಿಪಟೂರು_ಟು_ಸಿಡ್ನಿ

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಇದೆ.

ಮಗಳು ಎಂಟನೇ ತರಗತಿ. ಇಂಗ್ಲಿಷ್ ಪಾಠಕ್ಕೆ ಈ ಸಲ ಶಾನ್ ಟ್ಯಾನ್ ಬರೆದ ‘ದಿ ಅರೈವಲ್’ ಇಟ್ಟಿದ್ದಾರೆ. ಬರೆದ ಅನ್ನುವುದಕ್ಕಿಂತ ಬಿಡಿಸಿದ ಅನ್ನಬೇಕು. 2006ರಲ್ಲಿ ಬಂದ ಪುಸ್ತಕ. ಕಥೆಯಲ್ಲಿ ಒಂದೇ ಒಂದು ಮಾತಿಲ್ಲ, ಪೆನ್ಸಿಲ್ ಚಿತ್ರಗಳಷ್ಟೇ. ಒಬ್ಬ ಮನುಷ್ಯ ಹೆಂಡತಿ, ಮಗಳನ್ನು ಊರಲ್ಲಿ ಬಿಟ್ಟು ಗೊತ್ತಿಲ್ಲದ ದೇಶಕ್ಕೆ ಹೋಗುತ್ತಾನೆ. ಅಲ್ಲಿನ ಲಿಪಿ, ಊಟ, ಪ್ರಾಣಿ ಯಾವುದೂ ಅವನಿಗೆ ತಿಳಿಯುವುದಿಲ್ಲ.

ಟೀಚರ್ ಒಂದು ಹಾಳೆ ಕೊಟ್ಟಿದ್ದಾರೆ. ಸೇಲಿಯನ್ಸ್, ವೆಕ್ಟರ್, ಗೇಜ್, ಗಟರ್, ಬ್ಲೀಡ್, ಹೀಗೆ ಇಪ್ಪತ್ತು ಚಿಲ್ಲರೆ ಪದಗಳು. ಇವನ್ನು ಬಳಸಿ ಎರಡು ಪುಟ ಆರಿಸಿ ವಿವರಿಸಬೇಕು. ವೆಕ್ಟರ್ ಅಂದರೆ ನನಗೆ ಪಿಯುಸಿ ಫಿಸಿಕ್ಸೇ ನೆನಪಾಗೋದು. ಮಗಳು ಅರ್ಥ ಬಾಯಿಪಾಠ ಮಾಡಿದ್ದಾಳೆ, ಆದರೆ ಚಿತ್ರದ ಮುಂದೆ ಕೂತರೆ ಏನೂ ತೋಚುತ್ತಿಲ್ಲ.

ಇನ್ನೊಂದು ವಿಷಯ. ತಿಪಟೂರಿನಲ್ಲಿರುವ ಅಮ್ಮನಿಗೆ ಮಗಳು ಭಾನುವಾರ ವಿಡಿಯೊ ಕಾಲ್‌ನಲ್ಲಿ ಈ ಪುಸ್ತಕ ತೋರಿಸಲು ಶುರು ಮಾಡಿದ್ದಾಳೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಇದಕ್ಕೆ ಬೇಕಾಗಿಯೂ ಇಲ್ಲ. ಆದರೆ ಅಜ್ಜಿ, ಮೊಮ್ಮಗಳು ಮಾತಾಡಿಕೊಳ್ಳಲು ಪದ ಸಾಲುತ್ತಿಲ್ಲ. ಕನ್ನಡದಲ್ಲಿ ಇವಕ್ಕೆಲ್ಲ ಏನನ್ನುತ್ತಾರೆ? ನಿಘಂಟಿನ ಪದ ಬೇಡ, ಬಾಯಿಗೆ ಬರುವಂಥದ್ದು ಹೇಳಿ.

ಡಿಂಗನ_ಫ್ಯಾನ್

ಗಟರ್ ಅಂದರೆ ಗಟಾರ ಅಲ್ವಾ ಸರ್! ನಮ್ಮ ಹುಬ್ಬಳ್ಳಿ ಕಡೆ ಮಳೆಗಾಲದಲ್ಲಿ ಎಲ್ಲಾ ಕಡೆ ಸಿಗುತ್ತದೆ. 😀

ತಮಾಷೆ ಬಿಡಿ. ಬಾಲಮಂಗಳ ಓದಿ ಬೆಳೆದವನು ನಾನು. ಎರಡು ಚೌಕದ ನಡುವಿನ ಬಿಳಿ ಜಾಗಕ್ಕೆ ಒಂದು ಹೆಸರಿದೆ ಅನ್ನುವುದೇ ಈಗ ಗೊತ್ತಾಗಿದ್ದು.

ಬಣ್ಣದ_ಡಬ್ಬಿ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವುದು ನನ್ನ ಕೆಲಸ. ಹಾಳೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪುಸ್ತಕದ ಮೊದಲ ಪುಟ ತೆಗೆಯಿರಿ. ಒಂಬತ್ತು ಚೌಕಗಳಿವೆ. ಕಾಗದ ಮಡಚಿ ಮಾಡಿದ ಹಕ್ಕಿ, ಗಡಿಯಾರ, ಹ್ಯಾಟು, ಪಾತ್ರೆ, ಮಗು ಬಿಡಿಸಿದ ಚಿತ್ರ, ಟೀ ಕುಡಿಕೆ, ಪೆಟ್ಟಿಗೆ, ಮನೆಯವರ ಫೋಟೊ, ಹೀಗೆ. ಮನುಷ್ಯರೇ ಇಲ್ಲ. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ಸಮಯ ಎಷ್ಟು ಕಳೆಯಿತು ಅಂತ ಮಗಳನ್ನು ಕೇಳಿ. ಏನೂ ಕಳೆದಿಲ್ಲ. ಊರು ಬಿಡುವವನ ಕಣ್ಣು ಕೋಣೆಯಲ್ಲಿ ಸುಮ್ನೆ ಓಡಾಡುತ್ತಿದೆ, ಅಷ್ಟೇ.

ಸ್ಕಾಟ್ ಮೆಕ್ಲೌಡ್ ಅನ್ನುವ ಕಾಮಿಕ್ಸ್ ಕಲಾವಿದ 1993ರ ತನ್ನ ಪುಸ್ತಕದಲ್ಲಿ ಚೌಕದಿಂದ ಚೌಕಕ್ಕೆ ದಾಟುವ ಆರು ಬಗೆ ಹೇಳಿದ್ದಾನೆ. ಕ್ಷಣದಿಂದ ಕ್ಷಣಕ್ಕೆ, ಕ್ರಿಯೆಯಿಂದ ಕ್ರಿಯೆಗೆ, ಒಬ್ಬರಿಂದ ಇನ್ನೊಬ್ಬರಿಗೆ, ದೃಶ್ಯದಿಂದ ದೃಶ್ಯಕ್ಕೆ, ಒಂದೇ ಜಾಗದ ಒಂದು ಮುಖದಿಂದ ಇನ್ನೊಂದು ಮುಖಕ್ಕೆ, ಕೊನೆಗೆ ಏನೂ ಸಂಬಂಧ ಇಲ್ಲದ್ದು. ಈ ಪುಟ ಐದನೆಯ ಬಗೆಯದು. ಜಪಾನಿನ ಕಾಮಿಕ್ಸ್ ಆದ ಮಾಂಗಾದಲ್ಲಿ ಈ ಬಗೆ ಜಾಸ್ತಿ ಬಳಸುತ್ತಾರೆ ಅಂತಲೂ ಅವನೇ ತೋರಿಸುತ್ತಾನೆ.

ಸ್ವಲ್ಪ ಮುಂದೆ ಹಡಗಿನ ಭಾಗಕ್ಕೆ ಬನ್ನಿ. ಹತ್ತಿರದಿಂದ ಶುರುವಾಗಿ ಚೌಕದಿಂದ ಚೌಕಕ್ಕೆ ಹಿಂದೆ ಸರಿಯುತ್ತೇವೆ. ಮೊದಲು ಫೋಟೊ, ಆಮೇಲೆ ಅವನ ಕೋಣೆ, ಕಿಟಕಿ, ಹಡಗು. ಸಿನಿಮಾದವರು ಜೂಮ್ ಔಟ್ ಅನ್ನುತ್ತಾರೆ. ಆಮೇಲೆ ಚಿಕ್ಕ ಚಿಕ್ಕ ಚೌಕಗಳ ತುಂಬ ಬರೀ ಮೋಡ. ಅಲ್ಲಿ ಮಗಳನ್ನು ಮತ್ತೆ ಅದೇ ಪ್ರಶ್ನೆ ಕೇಳಿ. ಈಗ ಎಷ್ಟು ಸಮಯ ಕಳೆಯಿತು?

ತಿಪಟೂರು_ಟು_ಸಿಡ್ನಿ

ಕೇಳಿದೆ. “ತುಂಬಾ ದಿನ” ಅಂದಳು. ಯಾಕೆ ಅಂದರೆ “ಎಣಿಸೋಕೆ ಬೇಜಾರಾಯ್ತು, ಅದಕ್ಕೆ” ಅಂದಳು.

ಬಣ್ಣದ_ಡಬ್ಬಿ

ಆಹಾ! ಇದನ್ನೇ ಬರೆಯಲು ಹೇಳಿ. ಬೇಜಾರಾಗುವಷ್ಟು ಚೌಕ ಇಟ್ಟಿದ್ದೇ ಅವನ ಉಪಾಯ.

ಪ್ರೆಸ್_ಪಾಂಡು

ಮಧ್ಯೆ ಬಾಯಿ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚಾಮರಾಜಪೇಟೆಯಲ್ಲಿ ಆಫ್‌ಸೆಟ್ ಪ್ರೆಸ್ಸಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಗಟರ್ ಅಂತ ನಾವೂ ಅನ್ನುತ್ತೇವೆ, ಆದರೆ ಅದು ಬೇರೆ. ಪುಸ್ತಕ ಬಿಚ್ಚಿದಾಗ ಎರಡು ಪುಟ ಸೇರುವ ಕಡೆ, ಹೊಲಿಗೆ ಹತ್ತಿರ, ಒಳಗೆ ಬಿಡುವ ಜಾಗ ಇದೆಯಲ್ಲ, ಅದು ಪ್ರೆಸ್ಸಿನವರ ಗಟರ್. ಚೌಕಗಳ ನಡುವಿನದು ಕಾಮಿಕ್ಸಿನವರ ಗಟರ್. ಮಗುವಿಗೆ ಈ ವ್ಯತ್ಯಾಸ ಹೇಳಿಬಿಡಿ. ಯಾಕೆಂದರೆ ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಮುಖ್ಯವಾದ ಮುಖ ನಮ್ಮ ಗಟರಿಗೆ ಸಿಕ್ಕಿದರೆ ಮೂಗು ಒಳಗೆ ಹೋಗುತ್ತದೆ. ನಾನೇ ಒಂದು ಮದುವೆ ಆಲ್ಬಮ್ಮಿನಲ್ಲಿ ಮದುಮಗನ ಮೂಗು ನುಂಗಿಸಿದ್ದೇನೆ.

ಬ್ಲೀಡ್ ಕೂಡ ನಮ್ಮದೇ ಪದ. ಚಿತ್ರ ಪುಟದ ಅಂಚಿನವರೆಗೂ ಹೋಗಬೇಕಾದರೆ ಮೂರು ಮಿಲಿಮೀಟರ್ ಹೊರಗೆ ಜಾಸ್ತಿ ಬಿಡುತ್ತೇವೆ. ಇಲ್ಲದಿದ್ದರೆ ಕಟಿಂಗ್ ಆದ ಮೇಲೆ ಬಿಳಿ ಗೆರೆ ಉಳಿಯುತ್ತದೆ. ಕಾಮಿಕ್ಸಿನಲ್ಲಿ ಚೌಕದ ಗೆರೆ ಇಲ್ಲದೆ ಚಿತ್ರ ಪುಟದ ಆಚೆಗೂ ಹರಿದ ಹಾಗೆ ಕಾಣುವುದಕ್ಕೆ ಅದೇ ಹೆಸರು. ಅಂಚು ಇಲ್ಲದಿದ್ದರೆ ಆ ಜಾಗಕ್ಕೂ ಕೊನೆ ಇಲ್ಲ ಅನಿಸುತ್ತದೆ.

ಸುಮ್ನೆ_ಓದೋಣ

ನನಗೆ ಒಂದು ಸಂಶಯ. ಇದೆಲ್ಲ ಬೇಕಾ? ಚಂದಮಾಮದಲ್ಲಿ ಶಂಕರ್ ಬಿಡಿಸಿದ ವಿಕ್ರಮನ ಹೆಗಲ ಮೇಲಿನ ಬೇತಾಳ ನೋಡಿ ನಾವು ಹೆದರಿಲ್ಲವೇ? ಸೇಲಿಯನ್ಸ್ ಗೊತ್ತಿದ್ದರೆ ಇನ್ನೂ ಜಾಸ್ತಿ ಹೆದರುತ್ತಿದ್ದೆವಾ? ಹೂವನ್ನು ಎಸಳು ಎಸಳಾಗಿ ಕಿತ್ತು ಪರಿಮಳ ಹುಡುಕಿದ ಹಾಗಿದೆ.

ಬಣ್ಣದ_ಡಬ್ಬಿ

ಹೆದರಿದ್ದೇವೆ, ನಿಜ. ಆದರೆ ಯಾಕೆ ಹೆದರಿದೆವು ಅಂತ ಯಾರಾದರೂ ಕೇಳಿದ್ದರೆ “ಭಯಂಕರ ಇತ್ತು” ಅನ್ನುವುದು ಬಿಟ್ಟು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಮಕ್ಕಳು ದಿನಾ ನೂರಾರು ಚಿತ್ರ ನೋಡುತ್ತಾರೆ. ಜಾಹೀರಾತು, ಚುನಾವಣೆ ಪೋಸ್ಟರ್, ವಾಟ್ಸಾಪ್ ಫೋಟೊ. ಒಬ್ಬ ನಾಯಕನ ಫೋಟೊವನ್ನು ಕೆಳಗಿನಿಂದ ತೆಗೆದರೆ ಅವನು ದೊಡ್ಡವನಾಗಿ ಕಾಣುತ್ತಾನೆ. ಅದನ್ನು ‘ಕೆಳಗಣ ನೋಟ’ ಅಂತ ಗುರುತಿಸಲು ಬಂದ ಮಗು ಅಷ್ಟು ಸುಲಭವಾಗಿ ಮರುಳಾಗಲ್ಲ.

ಡಿಂಗನ_ಫ್ಯಾನ್

ಕೆಳಗಣ ನೋಟ ನಮಗೆ ಯಾರೂ ಕಲಿಸಬೇಕಿಲ್ಲ ಮೇಡಂ. ಕನ್ನಡ ಸಿನಿಮಾದಲ್ಲಿ ಹೀರೊ ಎಂಟ್ರಿ ಶೂನಿಂದಲೇ ಶುರು ಆಗೋದು!

ಸುಮ್ನೆ_ಓದೋಣ

ಸರಿ, ಆ ಮಾತು ಒಪ್ಪುತ್ತೇನೆ. ಆದರೂ ಇಪ್ಪತ್ತು ಪದ ಜಾಸ್ತಿ ಆಯಿತು.

ಬಣ್ಣದ_ಡಬ್ಬಿ

ಅದನ್ನು ನಾನೂ ಒಪ್ಪುತ್ತೇನೆ. ಐದಾರು ಸಾಕು. ನನ್ನ ಪ್ರಯತ್ನ ಇಲ್ಲಿದೆ.

ಸೇಲಿಯನ್ಸ್ ಅಂದರೆ ‘ಕಣ್ಣು ಮೊದಲು ಬೀಳುವ ಜಾಗ’. ಗಾತ್ರ, ಬೆಳಕು, ಬಣ್ಣ, ಸುತ್ತಲಿನ ಖಾಲಿ, ಯಾವುದರಿಂದಲಾದರೂ ಆಗಬಹುದು. ವೆಕ್ಟರ್ ಅಂದರೆ ‘ಕಣ್ಣಿನ ಜಾಡು’. ಮೊದಲು ಬಿದ್ದ ಕಣ್ಣು ಆಮೇಲೆ ಎಲ್ಲಿಗೆ ಹರಿಯಿತು? ಚಾಚಿದ ಕೈ, ರಸ್ತೆ, ಕೋಲು, ಯಾರೋ ನೋಡುತ್ತಿರುವ ದಿಕ್ಕು, ಇವೆಲ್ಲ ಜಾಡುಗಳೇ. ‘ಅರೈವಲ್’ ಶುರುವಿನಲ್ಲಿ ಗಂಡ, ಹೆಂಡತಿ, ಮಗಳು ಬೀದಿಯಲ್ಲಿ ನಡೆದು ಹೋಗುವಾಗ ಊರಿನ ಮೇಲೆ ಮುಳ್ಳು ಮುಳ್ಳಿನ ದೊಡ್ಡ ಬಾಲ ಸುತ್ತಿಕೊಂಡಿರುತ್ತದೆ. ಬಾಲದ ಪ್ರಾಣಿ ಕಾಣುವುದೇ ಇಲ್ಲ. ಕಣ್ಣು ಮೊದಲು ಬಾಲಕ್ಕೆ ಬಿದ್ದು ಅದರ ಜಾಡಿನಲ್ಲೇ ಓಡಾಡುತ್ತದೆ. ಆ ಪುಟ್ಟ ಮೂರು ಜನ ಎಲ್ಲಿ ಅಂತ ಹುಡುಕಬೇಕಾಗುತ್ತದೆ. ಹುಡುಕಿಸುವುದೇ ಅವನ ಉದ್ದೇಶ.

ಗೇಜ್ ಅಂದರೆ ನೋಟ. ಗುಂಥರ್ ಕ್ರೆಸ್ ಮತ್ತು ಥಿಯೊ ವಾನ್ ಲೀವನ್ ಅಂತ ಇಬ್ಬರು 1996ರ ಪುಸ್ತಕದಲ್ಲಿ ನೋಟವನ್ನು ಎರಡು ಮಾಡಿದ್ದಾರೆ. ಚಿತ್ರದವರು ನೇರ ನಮ್ಮನ್ನೇ ನೋಡಿದರೆ ನಮ್ಮಿಂದ ಏನೋ ಕೇಳುತ್ತಾರೆ. ಬೇರೆಲ್ಲೋ ನೋಡುತ್ತಿದ್ದರೆ ನಾವು ಮರೆಯಲ್ಲಿ ನಿಂತು ನೋಡುವವರು. ಕೇಳುವ ನೋಟ, ತೋರುವ ನೋಟ ಅನ್ನಬಹುದೇನೊ. ‘ಅರೈವಲ್’ನ ರಟ್ಟಿನ ಒಳಪುಟ ನೋಡಿ. ಸಾಲು ಸಾಲು ಮುಖಗಳು, ಪಾಸ್‌ಪೋರ್ಟ್ ಫೋಟೊ ಹಾಗೆ.

ತರೀಕೆರೆ_ಮೇಷ್ಟ್ರು

ನಿವೃತ್ತ ಕನ್ನಡ ಮೇಷ್ಟ್ರು ನಾನು. ಮೊಮ್ಮಗ ಈ ಚರ್ಚೆ ತೋರಿಸಿದ. ಕೇಳುವ ನೋಟ ನಮ್ಮ ಮನೆ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ. ದೇವರು ಎದುರಿಗೆ ನಿಂತು ನಮ್ಮನ್ನೇ ನೋಡುತ್ತಾನೆ. ಶಿಲ್ಪಿ ಮೂರ್ತಿಗೆ ಕಣ್ಣು ಬಿಡಿಸುವುದು ಕೊನೆಗೆ, ಅದಕ್ಕೆ ಶಾಸ್ತ್ರವೇ ಇದೆ. ಕಣ್ಣು ಬಂದ ಮೇಲೆ ಅದು ಕಲ್ಲಲ್ಲ.

ಆದರೆ ನಾನು ಬಂದದ್ದು ಬೇರೆ ವಿಷಯಕ್ಕೆ. ನೀವೆಲ್ಲ ಚೌಕ, ಚೌಕದ ನಡುವಿನ ಜಾಗ ಅಂತ ಮಾತಾಡುತ್ತಿದ್ದೀರಿ. ನಮ್ಮೂರ ಪಕ್ಕದ ಅಮೃತಾಪುರಕ್ಕೆ ಒಮ್ಮೆ ಬನ್ನಿ. 1196ರಲ್ಲಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ. ಹೊರಗೋಡೆಯ ಮೇಲೆ ಒಟ್ಟು 140 ಫಲಕಗಳಿವೆ. ದಕ್ಷಿಣದ ಕಡೆ 70 ಫಲಕ ರಾಮಾಯಣ. ಉತ್ತರದಲ್ಲಿ 25 ಕೃಷ್ಣನ ಕಥೆ, 45 ಮಹಾಭಾರತ. ಬೇರೆ ಹೊಯ್ಸಳ ಗುಡಿಗಳಲ್ಲಿ ಈ ಕಥೆಗಳು ಪಟ್ಟಿಯಲ್ಲಿ ಚಿಕ್ಕದಾಗಿ ಓಡುತ್ತವೆ. ಇಲ್ಲಿ ಫಲಕ ದೊಡ್ಡದು, ನಿಂತು ಓದಬಹುದು. ಹೌದು, ಓದಬಹುದು ಅಂತಲೇ ಅನ್ನುತ್ತೇನೆ.

ಈಗ ಸ್ವಾರಸ್ಯ ಕೇಳಿ. ಪ್ರದಕ್ಷಿಣೆ ಬರುವಾಗ ಗುಡಿ ನಮ್ಮ ಬಲಕ್ಕಿರುತ್ತದೆ. ಗೋಡೆ ಕಡೆ ಮುಖ ತಿರುಗಿಸಿ. ನೀವು ಮುಂದೆ ಹೋಗುವ ದಿಕ್ಕು ಈಗ ನಿಮ್ಮ ಎಡಗೈ ಕಡೆ. ಅಂದರೆ ಪ್ರದಕ್ಷಿಣೆಯ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ! ಉತ್ತರ ಗೋಡೆಯ ಕೃಷ್ಣ, ಪಾಂಡವರು ಹೀಗೇ ಹೋಗುತ್ತಾರೆ, ಹೊಯ್ಸಳರಲ್ಲಿ ಅದೇ ರೂಢಿ. ಆದರೆ ಅಮೃತಾಪುರದ ರಾಮಾಯಣ ಮಾತ್ರ ಅಪ್ರದಕ್ಷಿಣೆ. ಎದುರು ನಿಂತರೆ ಎಡದಿಂದ ಬಲಕ್ಕೆ, ನಾವು ಕನ್ನಡ ಓದುವ ಹಾಗೆ. ನಾನು ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಪ್ರದಕ್ಷಿಣೆ ಬಂದವರಿಗೆ ಕಥೆ ಹಿಂದುಮುಂದಾಗಿ “ಸಾರ್, ರಾವಣ ಸತ್ತ ಮೇಲೆ ಸೀತೆ ಅಪಹರಣ ಆಗುತ್ತಾ?” ಅಂತ ಕೇಳಿದ್ದುಂಟು.

ಬಣ್ಣದ_ಡಬ್ಬಿ

ಮೇಷ್ಟ್ರೇ, ಇದು ನನಗೆ ಗೊತ್ತೇ ಇರಲಿಲ್ಲ. ಅಮೃತಾಪುರ ನೋಡಿದ್ದೇನೆ, ಓದಿಲ್ಲ ಅಂತಾಯಿತು. ಮಾಂಗಾ ಕೂಡ ಬಲದಿಂದ ಎಡಕ್ಕೇ. ಕ್ರೆಸ್ ಮತ್ತು ವಾನ್ ಲೀವನ್ ‘ಎಡಕ್ಕಿರುವುದು ಗೊತ್ತಿರುವುದು, ಬಲಕ್ಕಿರುವುದು ಹೊಸದು’ ಅನ್ನುತ್ತಾರೆ. ಎಡದಿಂದ ಓದುವವರಿಗೆ ಮಾತ್ರ ಆ ಲೆಕ್ಕ. ಮಗಳ ಹಾಳೆಯಲ್ಲಿ ಅದು ಇದ್ದರೆ ಕಣ್ಣು ಮುಚ್ಚಿ ಒಪ್ಪಬೇಡಿ. ಉತ್ತರ ಗೋಡೆಯಲ್ಲಿ ಹೊಸದು ಎಡಕ್ಕೇ ಬರುತ್ತದೆ.

ತರೀಕೆರೆ_ಮೇಷ್ಟ್ರು

ಗಟರಿಗೂ ಒಂದು ಪದ ಕೊಡುತ್ತೇನೆ. ‘ಸಂದಿ’. ಮನೆ ಮನೆ ನಡುವೆ ಇರುವ ಸಂದಿ. ಅದು ‘ಸಂಧಿ’ಯ ತದ್ಭವ. ವ್ಯಾಕರಣದಲ್ಲಿ ಏನು ಹೇಳಿಕೊಟ್ಟಿದ್ದೆವು? ಊರು, ಅಲ್ಲಿ ಸೇರಿದರೆ ಊರಲ್ಲಿ. ಒಂದು ಉಕಾರ ಬಿದ್ದುಹೋಯಿತು, ಲೋಪ. ಮನೆ, ಅಲ್ಲಿ ಸೇರಿದರೆ ಮನೆಯಲ್ಲಿ. ಎರಡರಲ್ಲೂ ಇಲ್ಲದ ಯಕಾರ ಬಂತು, ಆಗಮ. ಎರಡು ಚೌಕ ಪಕ್ಕ ಪಕ್ಕ ಇಟ್ಟಾಗಲೂ ಹಾಗೇ ಅಲ್ಲವೇ? ನಡುವೆ ಏನೋ ಬಿಟ್ಟಿರುತ್ತಾರೆ. ಎರಡರಲ್ಲೂ ಇಲ್ಲದ್ದು ಓದುವವನ ತಲೆಯಲ್ಲಿ ಬರುತ್ತದೆ.

ಬಣ್ಣದ_ಡಬ್ಬಿ

ಮೆಕ್ಲೌಡ್ ‘ಕ್ಲೋಷರ್’ ಅನ್ನುವುದು ಇದನ್ನೇ. ಅವನ ಉದಾಹರಣೆಯಲ್ಲಿ ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನ ಚೌಕದಲ್ಲಿ ರಾತ್ರಿಯ ಊರು, ಒಂದು ಚೀತ್ಕಾರ. ಕೊಡಲಿ ಬೀಸಿದ್ದು ಯಾರು? ಓದಿದವರೇ, ಅನ್ನುತ್ತಾನೆ. ‘ಆಗಮ’ ನನಗೆ ಕ್ಲೋಷರ್‌ಗಿಂತ ಇಷ್ಟವಾಯಿತು.

ನೀಲಿ_ಶಾಯಿ

ಒಳ್ಳೆ ಚರ್ಚೆ. ಆದರೆ ಎಲ್ಲರೂ ಚೌಕವನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ಚೌಕವನ್ನೇ ಬೇಡ ಅಂದವರೂ ಇದ್ದಾರೆ. 2011ರಲ್ಲಿ ಬಂದ ‘ಭೀಮಾಯಣ’ ನೋಡಿ. ಅಂಬೇಡ್ಕರ್ ಅವರ ಬದುಕು. ಚಿತ್ರ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ಪರಧಾನ್ ಗೊಂಡ ಕಲಾವಿದರು. ತಮ್ಮ ಪಾತ್ರಗಳನ್ನು ಡಬ್ಬಿಯೊಳಗೆ ತುರುಕುವುದಿಲ್ಲ, ಉಸಿರುಕಟ್ಟುತ್ತದೆ ಅಂತ ಅವರು ಮೊದಲೇ ಹೇಳಿಬಿಟ್ಟರು. ಗೋಡೆ, ನೆಲಕ್ಕೆ ಬರೆಯುವ ದಿಗ್ನಾ ಅಲಂಕಾರದ ಬಳ್ಳಿಯಂಥ ಗೆರೆಗಳೇ ಪುಟವನ್ನು ಭಾಗ ಮಾಡುತ್ತವೆ. ಬಾವಿ, ಕೆರೆ, ನಲ್ಲಿ ಯಾವುದನ್ನೂ ಮುಟ್ಟಬಾರದು ಅನ್ನಿಸಿಕೊಂಡವರ ಕಥೆ. ಅದನ್ನು ಹೇಳುವಾಗ ಪುಟದಲ್ಲೂ ಬೇಲಿ ಹಾಕಿಲ್ಲ. ನನ್ನ ಓದು ಇದು, ತಪ್ಪಿದ್ದರೆ ಹೇಳಿ.

ಮಾತಿನ ಬುಗ್ಗೆಗಳಂತೂ (ಸ್ಪೀಚ್ ಬಲೂನ್) ಬೇರೆಯದೇ. ಮೃದುವಾಗಿ ಮಾತಾಡುವವರ ಬುಗ್ಗೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವವರ ಬುಗ್ಗೆಗೆ ಚೇಳಿನ ಕೊಂಡಿ. ಸಾಮಾನ್ಯವಾಗಿ ಬುಗ್ಗೆಯ ಬಾಲ ಯಾರು ಮಾತಾಡಿದರು ಅಂತ ತೋರಿಸುತ್ತದೆ, ಅಷ್ಟೇ. ಇಲ್ಲಿ ಎಂಥ ಮಾತು ಅಂತಲೂ ಹೇಳುತ್ತದೆ. 1901ರಲ್ಲಿ ಬಾಲಕ ಭೀಮ ಅಣ್ಣನ ಜೊತೆ ಅಪ್ಪನನ್ನು ನೋಡಲು ಸತಾರದಿಂದ ರೈಲಿನಲ್ಲಿ ಹೊರಟು ಮಸೂರಿನಲ್ಲಿ ಇಳಿದ, ಗಾಡಿಯವರು ಮೊದಲು ಹತ್ತಿಸಿಕೊಳ್ಳಲು ಒಪ್ಪಲಿಲ್ಲ, ನೀರು ಸಿಗಲಿಲ್ಲ. ಆ ಭಾಗ ಓದುವಾಗ ಅಕ್ಷರಕ್ಕಿಂತ ಮೊದಲು ಕೊಂಡಿ ಚುಚ್ಚುತ್ತದೆ. ಹಾಳೆಯ ಪದಗಳನ್ನು ಬರೀ ಚೌಕದ ಕಾಮಿಕ್ಸ್ ನೋಡಿ ಕಲಿತರೆ ಈ ಪುಸ್ತಕದಲ್ಲಿ ‘ಪ್ಯಾನೆಲ್ ಇಲ್ಲ’ ಅಂತ ಬರೆದು ಮುಗಿಸುತ್ತಾರೆ.

ಸುಮ್ನೆ_ಓದೋಣ

ಇದು ಓದಬೇಕು. ‘ಬುಗ್ಗೆ’ ಚೆನ್ನಾಗಿದೆ, ಬಲೂನಿಗಿಂತ. ಬಲೂನು ಅಂದರೆ ಒಡೆಯುತ್ತೆ ಅನಿಸುತ್ತದೆ.

ಪ್ರೆಸ್_ಪಾಂಡು

ಬುಗ್ಗೆ ಅಂದರಲ್ಲ, ನಮ್ಮ ಗೋಳು ಕೇಳಿ. ಇಂಗ್ಲಿಷಿನಿಂದ ತಂದ ಕಾಮಿಕ್ಸಿಗೆ ಕನ್ನಡ ಅಕ್ಷರ ಕೂರಿಸುವ ಕೆಲಸ ಸ್ವಲ್ಪ ದಿನ ಮಾಡಿದ್ದೆ. ಬುಗ್ಗೆ ಅವರ ಅಳತೆಗೆ ಬಿಡಿಸಿರುತ್ತಾರೆ. ಅವರದೆಲ್ಲ ಒಂದೇ ಎತ್ತರದ ದೊಡ್ಡಕ್ಷರ, ಸಾಲಿನ ಮೇಲೆ ಸಾಲು ಅಂಟಿಸಬಹುದು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ತ್ರೀ’ ಅಂತ ಒಂದು ಪದ ಬಂದರೆ ಕೆಳಗಿನ ಸಾಲು ಇಳಿಯಬೇಕು. ಅಕ್ಷರ ಚಿಕ್ಕದು ಮಾಡಿದರೆ ಮಕ್ಕಳಿಗೆ ಕಾಣಲ್ಲ, ಮಾತು ಕಡಿಮೆ ಮಾಡಿದರೆ ಅನುವಾದಕರಿಗೆ ಕೋಪ.

ಆದರೆ ಶಬ್ದದಲ್ಲಿ ನಾವೇ ಶ್ರೀಮಂತರು. ಅವರು ‘ಕ್ರ್ಯಾಶ್’ ಅನ್ನುವ ಕಡೆ ನಮಗೆ ಧಡಾರ್, ದಬಕ್, ಪಟಾರ್, ಚಟಚಟ, ಏನು ಬೀಳುತ್ತಿದೆ ಅಂತ ನೋಡಿ ಆರಿಸಬಹುದು.

ತರೀಕೆರೆ_ಮೇಷ್ಟ್ರು

ಅನುಕರಣಾವ್ಯಯ! ಸೌಂಡ್ ಎಫೆಕ್ಟಿಗೆ ಹೊಸ ಪದವೇ ಬೇಡ.

ಡಿಂಗನ_ಫ್ಯಾನ್

ಪ್ಯಾನೆಲ್ ಒಂದೇ ಇದ್ದರೆ? ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ಕಾರ್ಟೂನು? ಸಂದಿನೇ ಇಲ್ಲ, ಆದರೂ ಮುಂಚೆ ಏನಾಯಿತು, ಆಮೇಲೆ ಏನಾಗುತ್ತೆ ಗೊತ್ತಾಗುತ್ತೆ.

ಬಣ್ಣದ_ಡಬ್ಬಿ

ಸಂದಿ ಚೌಕದ ಹೊರಗೆ ಇರುತ್ತದೆ. ಅಲ್ಲಿ ‘ಕಾಮನ್ ಮ್ಯಾನ್’ ಇದ್ದಾನಲ್ಲ, ಚೌಕಳಿ ಕೋಟು, ಪಂಚೆ. ಮಾತೇ ಆಡುವುದಿಲ್ಲ. ಬೇರೆಯವರು ಮಾತಾಡುತ್ತಾರೆ, ಇವನು ನೋಡುತ್ತಾನೆ, ಇವನ ಜೊತೆ ನಾವು ನೋಡುತ್ತೇವೆ. ನಮ್ಮ ಜಾಗದಲ್ಲಿ ನಿಲ್ಲಲು ಚಿತ್ರದೊಳಗೇ ಒಬ್ಬನನ್ನು ಇಟ್ಟಿದ್ದಾರೆ.

ಅಂಚಿನ ಬಗ್ಗೆ ಪಾಂಡು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’, 1992ರಲ್ಲಿ ಪುಲಿಟ್ಜರ್ ಬಂದ ಪುಸ್ತಕ. ಅದರಲ್ಲಿ ಯಹೂದಿಗಳು ಇಲಿ, ನಾಜಿಗಳು ಬೆಕ್ಕು. ಆದರೆ ಲೇಖಕನ ತಾಯಿ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡದ್ದನ್ನು ಹೇಳುವ ಕೆಲವು ಪುಟಗಳಲ್ಲಿ ಇಲಿಗಳಿಲ್ಲ, ಮನುಷ್ಯರೇ. ಆ ಪುಟಗಳ ಅಂಚು ಪೂರ್ತಿ ಕಪ್ಪು. ಪುಸ್ತಕ ಮುಚ್ಚಿಟ್ಟರೂ ಬದಿಯಿಂದ ಆ ಕಪ್ಪು ಗೆರೆ ಕಾಣುತ್ತದೆ.

ಪ್ರೆಸ್_ಪಾಂಡು

ಬ್ಲೀಡ್ ಕೊಟ್ಟು ಕತ್ತರಿಸಿರುತ್ತಾರೆ, ಅದಕ್ಕೇ ಕಾಣುವುದು. ಈ ಉಪಯೋಗ ಯೋಚಿಸಿರಲಿಲ್ಲ.

ತಿಪಟೂರು_ಟು_ಸಿಡ್ನಿ

ಎರಡು ದಿನ ಬರಲು ಆಗಲಿಲ್ಲ, ಕ್ಷಮಿಸಿ. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಮೇಷ್ಟ್ರ ಸಂದಿ ಮನೆಯಲ್ಲಿ ಜಾರಿಗೆ ಬಂದಿದೆ. ಕಣ್ಣಿನ ಜಾಡು ಕೂಡ. ‘ತೋರುವ ನೋಟ’ ಅವಳಿಗೆ ಹಿಡಿಸಲಿಲ್ಲ, ‘ಕದ್ದು ನೋಡೋದು’ ಅನ್ನುತ್ತಿದ್ದಾಳೆ.

ನಿನ್ನೆ ಅಜ್ಜಿ ಜೊತೆ ಕೊನೆ ಭಾಗ ಆಯಿತು. ಆ ಮನುಷ್ಯನಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಲಿಪಿ ಓದಲು ಬಾರದೆ ಎಲ್ಲವನ್ನೂ ತಲೆಕೆಳಗೆ ಅಂಟಿಸುತ್ತಾನೆ. ಅಮ್ಮ ಬಿದ್ದು ಬಿದ್ದು ನಕ್ಕರು. ಆ ಲಿಪಿ ಲೇಖಕ ಕಟ್ಟಿದ್ದು, ನಮಗೂ ಓದಲು ಬರಲ್ಲ. ಅಮ್ಮನಿಗೆ ಪೇಟೆಯ ಇಂಗ್ಲಿಷ್ ಬೋರ್ಡು ದಿನಾ ಹಾಗೇ ಕಾಣುವುದಂತೆ.

ಆಮೇಲೆ ಒಂದು ಪುಟ ಬಂತು. ಅಮ್ಮ ತಕ್ಷಣ “ತಡಿ ತಡಿ, ಮೊದಲ್ನೇ ಪುಟ ತೆಗಿ” ಅಂದರು. ಅದೇ ಒಂಬತ್ತು ಚೌಕ, ಅದೇ ಜೋಡಣೆ, ಸಾಮಾನು ಮಾತ್ರ ಹೊಸ ಊರಿನವು! ಮಗಳು ಮೂರು ಸಲ ಓದಿದರೂ ಗಮನಿಸಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಅಮ್ಮನನ್ನು ಕೇಳಿದರೆ “ಪಾತ್ರೆ ಪಡಗ ಎಲ್ಲಿ ಇಟ್ಟಿದ್ರು ಅಂತ ಹೆಂಗಸ್ರಿಗೆ ಗೊತ್ತಿರುತ್ತೆ” ಅಂದರು.

ಬಣ್ಣದ_ಡಬ್ಬಿ

ಅಮ್ಮನವರಿಗೆ ನನ್ನ ನಮಸ್ಕಾರ. ಮಗಳ ಎರಡು ಪುಟ ಸಿಕ್ಕಿತಲ್ಲ! ಮೊದಲ ಒಂಬತ್ತು, ಕೊನೆಯ ಒಂಬತ್ತು. ಪಕ್ಕ ಪಕ್ಕ ಇಟ್ಟು ಬರೆಯಲಿ.

ಸುಮ್ನೆ_ಓದೋಣ

ನೋಡಿ, ಅಜ್ಜಿಗೆ ಒಂದು ಪದವೂ ಬೇಕಾಗಲಿಲ್ಲ. 🙂

ಬಣ್ಣದ_ಡಬ್ಬಿ

ಅಜ್ಜಿಗೆ ಬೇಕಾಗಲಿಲ್ಲ, ಮೊಮ್ಮಗಳಿಗೆ ಬೇಕು. ಅಜ್ಜಿ ಕಂಡದ್ದನ್ನು ಅವಳು ಇಂಗ್ಲಿಷಿನಲ್ಲಿ ಟೀಚರಿಗೆ ಹೇಳಬೇಕಲ್ಲ.

ತಿಪಟೂರು_ಟು_ಸಿಡ್ನಿ

ಇನ್ನೊಂದು ಇದೆ, ಬರೆಯಲೋ ಬೇಡವೋ ಅಂತ ಯೋಚಿಸಿದೆ.

ಪುಸ್ತಕ ಮುಗಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಆ ಹೆಂಡ್ತಿ ಮಗಳು ಅಷ್ಟು ದಿನ ಊರಲ್ಲಿ ಏನ್ ಮಾಡ್ತಿದ್ರು, ಅದನ್ನ ಯಾಕೆ ಬರೆದಿಲ್ಲ?” ಅಂತ ಕೇಳಿದರು. ಮಗಳು ಪುಟ ತಿರುಗಿಸಿ ಹುಡುಕಿದಳು. ಇಲ್ಲ. ಅವನು ಕಾಗದ ಕಳಿಸುತ್ತಾನೆ, ಅವರು ಬರುತ್ತಾರೆ. ನಡುವಿನದು ಇಲ್ಲ. “ಅದು ಸಂದಿ ಅಜ್ಜಿ” ಅಂದಳು ಇವಳು.

ನಾನು ಸಿಡ್ನಿಗೆ ಮೊದಲು ಒಬ್ಬನೇ ಬಂದೆ. ಹೆಂಡತಿ, ಒಂದು ವರ್ಷದ ಮಗಳು 14 ತಿಂಗಳು ಅಮ್ಮನ ಹತ್ತಿರ ಇದ್ದರು. ನನ್ನ ಕಡೆಯ ಕಥೆಯನ್ನು ನಾನು ಮಗಳಿಗೆ ನೂರು ಸಲ ಹೇಳಿದ್ದೇನೆ. ರೂಮು, ಚಳಿ, ಮೊದಲ ಕೆಲಸ. ಆ ಕಡೆಯದು ಯಾರೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಈಗ ಅಜ್ಜಿ ಅಲ್ಮೇರಾದಿಂದ ಆ ಕಾಲದ ಸಾಮಾನು ಒಂದೊಂದಾಗಿ ತೆಗೆದು ಫೋಟೊ ಕಳಿಸುತ್ತಿದ್ದಾರೆ. ತೊಟ್ಟಿಲ ಹಗ್ಗ, ಹಾಲಿನ ಒಳಲೆ, ನಾನು ಫೋನು ಮಾಡುತ್ತಿದ್ದ ಹಳೇ ನೋಕಿಯ. ಮಗಳು ಚೌಕ ಹಾಕಿಟ್ಟಿದ್ದಾಳೆ. ಒಂಬತ್ತು ಬೇಕಂತೆ, ಐದು ಸಿಕ್ಕಿವೆ.